ಮನೆ ಶೆಡ್‌ಗೆ ಏರ್ ಕಂಪ್ರೆಸರ್: ಟೈರಿಗೆ ಗಾಳಿ ಹೊಡೆಯೋದು ಬಿಟ್ಟು ಇನ್ನೇನು ಮಾಡಬಹುದು?

ಪ್ರಶ್ನೆ: ಸರ್, ಸಕಲೇಶಪುರದ ಹತ್ತಿರ ನಮ್ಮದೊಂದು ಚಿಕ್ಕ ಕಾಫಿ ತೋಟ ಇದೆ. ಹಾಸನದಲ್ಲಿ ಗ್ಯಾರೇಜ್ ಇಟ್ಟಿದ್ದ ನಮ್ಮ ಭಾವ ಈಗ ಅದನ್ನು ಮುಚ್ಚುತ್ತಿದ್ದಾರೆ. ಅವರ 2 ಎಚ್‌ಪಿ, 50 ಲೀಟರ್ ಟ್ಯಾಂಕಿನ ಕಂಪ್ರೆಸರ್ ನನಗೆ ಕೊಡ್ತೀನಿ ಅಂತಿದ್ದಾರೆ. ಮನೆಯಲ್ಲಿ ಹಳೇ ಜೀಪು, ಒಂದು ಕಾರು, ಎರಡು ಬೈಕು, ವೀಡ್ ಕಟರ್, ಸ್ಪ್ರೇಯರ್ ಇವೆ. ಬರೀ ಗಾಳಿ ಹೊಡೆಯೋದಕ್ಕೆ ಅಷ್ಟು ದೊಡ್ಡ ಮಿಷನ್ ಯಾಕೆ ಅಂತ ಮನೆಯವರು ಕೇಳ್ತಾರೆ. ತಗೊಳ್ಳಲಾ?

ಉತ್ತರ: ತಗೊಳ್ಳಿ. ಆದರೆ ಪಿಕಪ್‌ಗೆ ಹತ್ತಿಸೋ ಮೊದಲು ಟ್ಯಾಂಕ್ ಮಗುಚಿ ಅದರ ಹೊಟ್ಟೆ ನೋಡಿ. ತುಕ್ಕು ಹಿಡಿಯೋದು ಅಲ್ಲೇ. ಹೊಟ್ಟೆ ಉಬ್ಬಿದ್ದರೆ, ವೆಲ್ಡಿಂಗ್ ತೇಪೆ ಹಾಕಿದ್ದರೆ, ಸಣ್ಣ ಸುತ್ತಿಗೆಯಲ್ಲಿ ತಟ್ಟಿದಾಗ ಒಂದು ಜಾಗದಲ್ಲಿ ಮಾತ್ರ ಸದ್ದು ಬೇರೆ ಬಂದರೆ ಭಾವನಿಗೆ ಬೇಜಾರಾದರೂ ಪರವಾಗಿಲ್ಲ, ಆ ಟ್ಯಾಂಕ್ ಬೇಡ. ಮೋಟಾರ್, ಪಂಪು ರಿಪೇರಿ ಆಗುತ್ತವೆ, ತುಕ್ಕು ತಿಂದ ಟ್ಯಾಂಕ್ ರಿಪೇರಿ ಆಗಲ್ಲ. ಚೆನ್ನಾಗಿ ಕಂಡರೂ ಒಂದು ಸಲ ನೀರು ತುಂಬಿಸಿ ಪ್ರೆಶರ್ ಟೆಸ್ಟ್ ಮಾಡಿಸಿ. ನೀರು ತುಂಬಿದ ಟ್ಯಾಂಕ್ ಒಡೆದರೆ ಸೋರುತ್ತೆ, ಗಾಳಿ ತುಂಬಿದ ಟ್ಯಾಂಕ್ ಒಡೆದರೆ ಸಿಡಿಯುತ್ತೆ.

ಇನ್ನು ಉಪಯೋಗ. ಟೈರಿಂದಲೇ ಶುರು ಮಾಡ್ತೀನಿ, ಯಾಕಂದರೆ ಅದರ ಲಾಭ ತುಂಬಾ ಜನಕ್ಕೆ ಗೊತ್ತಿಲ್ಲ. ಗಾಡಿಯ ಪುಸ್ತಕದಲ್ಲಿ 32 ಪಿಎಸ್‌ಐ ಅಂತ ಬರೆದಿದ್ದರೆ ಅದು ತಣ್ಣಗಿರುವ ಟೈರಿನ ಲೆಕ್ಕ. ತೋಟದಿಂದ ಪೇಟೆಗೆ ಹದಿನೈದು ಕಿಲೋಮೀಟರ್ ಓಡಿಸಿಕೊಂಡು ಬಂಕಿಗೆ ಹೋಗುವಷ್ಟರಲ್ಲಿ ಟೈರ್ ಬಿಸಿಯಾಗಿ ಮೂರ್ನಾಲ್ಕು ಪಿಎಸ್‌ಐ ಏರಿರುತ್ತೆ. ಅಲ್ಲಿ 32ಕ್ಕೆ ನಿಲ್ಲಿಸಿದರೆ ಬೆಳಿಗ್ಗೆ ತಣ್ಣಗಾದಾಗ 28ಕ್ಕೆ ಬಂದು ಕೂತಿರುತ್ತೆ. ಮನೆಯಲ್ಲೇ ಕಂಪ್ರೆಸರ್ ಇದ್ದರೆ ಬೆಳಿಗ್ಗೆ ಗಾಡಿ ತೆಗೆಯೋ ಮೊದಲೇ ನೋಡಿ ಹೊಡೆಯಬಹುದು. ಒಂದು ಒಳ್ಳೆ ಗೇಜ್ ಮಾತ್ರ ಬೇರೆ ಇಟ್ಟುಕೊಳ್ಳಿ.

ಆದರೆ ನಿಮ್ಮಂಥ ಮನೆಯಲ್ಲಿ ದಿನಾ ಕೈಗೆ ಬರೋದು ಬ್ಲೋ ಗನ್, ಅಂದರೆ ಹೋಸಿನ ತುದಿಗೆ ಹಾಕಿ ಒತ್ತಿದರೆ ಜೋರಾಗಿ ಗಾಳಿ ಊದುವ ಪಿಸ್ತೂಲು. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆದ ಮೇಲೆ ಸ್ಪ್ರೇಯರ್ ನಾಜಲ್ ನೋಡಿದ್ದೀರಲ್ಲ, ಸುಣ್ಣ ಕಟ್ಟಿ ತೂತು ಅರ್ಧ ಮುಚ್ಚಿರುತ್ತೆ. ಆಳುಗಳು ಬಾಯಲ್ಲಿ ಊದುತ್ತಾರೆ, ಇಲ್ಲ ತಂತಿ ಹಾಕಿ ಕೆದಕುತ್ತಾರೆ. ಊದಿದರೆ ಮೈಲುತುತ್ತ ಬಾಯಿಗೆ ಹೋಗುತ್ತೆ. ತಂತಿ ಹಾಕಿದರೆ ತೂತು ದೊಡ್ಡದಾಗಿ, ಮಂಜಿನ ಹಾಗೆ ಬೀಳಬೇಕಾದ ಔಷಧಿ ಧಾರೆಯಾಗಿ ಸುರಿಯುತ್ತೆ. ನಾಜಲ್ ಬಿಚ್ಚಿ ನಿಂಬೆರಸ ಹಿಂಡಿದ ನೀರಲ್ಲಿ ಅರ್ಧ ಗಂಟೆ ಹಾಕಿಡಿ. ಸುಣ್ಣ ಸಡಿಲವಾಗುತ್ತೆ. ಆಮೇಲೆ ಔಷಧಿ ಹೊರಗೆ ಬರುವ ಕಡೆಯಿಂದ ಒಳಕ್ಕೆ ಗಾಳಿ ಬಿಡಿ. ಕಸ ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ.

ವೀಡ್ ಕಟರ್, ಚೈನ್ ಸಾ ಎಂಜಿನ್ನಿನ ಫಿನ್‌ಗಳ (ಬಿಸಿ ಹೊರಗೆ ಬಿಡೋ ಲೋಹದ ಪಟ್ಟಿಗಳ) ಮಧ್ಯೆ ಹುಲ್ಲಿನ ಪುಡಿ, ಎಣ್ಣೆ ಸೇರಿ ಗಟ್ಟಿಯಾಗಿರುತ್ತೆ, ಎಂಜಿನ್ ಕಾಯೋದು ಅದಕ್ಕೇ. ಒಂದು ನಿಮಿಷ ಗಾಳಿ ಹೊಡೆದರೆ ಸಾಕು. ಬೈಕಿನ ಪ್ಲಗ್ ಬಿಚ್ಚುವಾಗಲೂ ಮೊದಲು ಅದರ ಸುತ್ತ ಗಾಳಿ ಹೊಡೆಯಿರಿ. ಅಲ್ಲಿ ಕೂತಿರುವ ಮರಳಿನ ಕಣ ಒಳಗೆ ಬಿದ್ದರೆ ಸಿಲಿಂಡರಿಗೆ ಗೀರು. ಜೀಪಿನ ರೇಡಿಯೇಟರಿಗೆ ಎಂಜಿನ್ ಕಡೆಯಿಂದ ಮುಂದಕ್ಕೆ ಹೊಡೆಯಬೇಕು, ಎದುರಿಂದ ಹೊಡೆದರೆ ಕೆಸರು, ಹುಳ ಎಲ್ಲ ಇನ್ನೂ ಒಳಗೆ ಹೋಗಿ ಕೂರುತ್ತೆ.

ಕಾಗದದ ಏರ್ ಫಿಲ್ಟರ್ ವಿಷಯದಲ್ಲಿ ಮಾತ್ರ ನಿಧಾನ. ರೆಗ್ಯುಲೇಟರ್ 30 ಪಿಎಸ್‌ಐಗೆ ಇಳಿಸಿ, ಗನ್ ಒಂದು ಗೇಣು ದೂರ ಹಿಡಿದು, ಒಳಗಿಂದ ಹೊರಕ್ಕೆ ಹೊಡೆಯಿರಿ. ಪೂರ್ತಿ ಪ್ರೆಶರ್ ಬಿಟ್ಟರೆ ಕಣ್ಣಿಗೆ ಕಾಣದ ಹಾಗೆ ಕಾಗದ ಹರಿಯುತ್ತೆ. ಆಮೇಲೆ ಕತ್ತಲಲ್ಲಿ ಒಳಗೊಂದು ಟಾರ್ಚ್ ಇಟ್ಟು ನೋಡಿ, ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ಹೊಸದು ಹಾಕಿ. ಬ್ರೇಕ್ ಡ್ರಮ್ಮಿನ ಧೂಳಿಗೆ ಗಾಳಿ ಬೇಡವೇ ಬೇಡ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ.

ಜೀಪಿನ ಚಕ್ರದ ನಟ್ ಬಿಚ್ಚೋದಕ್ಕೆ ಅರ್ಧ ಇಂಚಿನ ಇಂಪ್ಯಾಕ್ಟ್ ಗನ್ ನಡೆಯುತ್ತೆ. ಆದರೆ ಲೆಕ್ಕ ತಿಳಿದಿರಲಿ. 50 ಲೀಟರ್ ಟ್ಯಾಂಕ್ 8 ಬಾರ್‌ನಿಂದ 6 ಬಾರ್‌ಗೆ (ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ) ಇಳಿದರೆ ನಿಮಗೆ ಸಿಗೋದು ಸುಮಾರು 100 ಲೀಟರ್ ಗಾಳಿ ಅಷ್ಟೇ. ಗನ್ ಮೇಲೆ 4 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಅಂತ ಇದ್ದರೆ ಅದು ಬಿಟ್ಟು ಬಿಟ್ಟು ಒತ್ತಿದಾಗಿನ ಸರಾಸರಿ, ನಿಮಿಷಕ್ಕೆ 113 ಲೀಟರ್. ಒತ್ತಿ ಹಿಡಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತೆ. ಹಾಗಾಗಿ ಒಂದು ಚಕ್ರ ಮುಗಿಸಿ, ಟ್ಯಾಂಕ್ ತುಂಬಲಿ ಅಂತ ಕಾಯಿರಿ, ಆಮೇಲೆ ಇನ್ನೊಂದು. ಬಿಗಿ ಮಾಡೋದು ಮಾತ್ರ ಕೈಯಲ್ಲೇ. ಗನ್ನಲ್ಲಿ ಬಿಗಿ ಮಾಡಿದ ನಟ್ಟನ್ನು ಶಿರಾಡಿ ಘಾಟಿಯಲ್ಲಿ ಪಂಕ್ಚರ್ ಆದಾಗ ಜಾಕ್ ರಾಡಲ್ಲಿ ಬಿಚ್ಚೋಕೆ ಆಗಲ್ಲ.

ಈಗ ನಾನು ತುಂಬಾ ಒತ್ತಿ ಹೇಳಬೇಕಾದ ಮಾತು: ನೀರು. 20 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಸಾವಿರ ಲೀಟರ್ ಗಾಳಿಯಲ್ಲಿ ಸುಮಾರು 17 ಗ್ರಾಂ ನೀರಿರುತ್ತೆ. ಅದನ್ನು 8 ಬಾರ್‌ಗೆ ಒತ್ತಿದರೆ, ಗಾಳಿ ತಣ್ಣಗಾದ ಮೇಲೆ 15 ಗ್ರಾಂನಷ್ಟು ನೀರು ಟ್ಯಾಂಕಿನ ತಳ ಸೇರುತ್ತೆ. ಇದೇ ಕಂಪ್ರೆಸರ್ ಅರಸೀಕೆರೆಯಲ್ಲಿ ಬೇಸಿಗೆಯಲ್ಲಿ ಓಡಿದರೆ ವಾರಕ್ಕೊಮ್ಮೆ ನೀರು ಬಿಟ್ಟರೂ ನಡೆದೀತು. ನಿಮ್ಮಲ್ಲಿ ಜುಲೈ ತಿಂಗಳಲ್ಲಿ ಓಡಿಸಿದ ಪ್ರತಿ ದಿನವೂ ಬಿಡಬೇಕು. ನನ್ನ ಶೆಡ್‌ನಲ್ಲಿ ಮಳೆಗಾಲದ ಸಂಜೆ ಟ್ಯಾಂಕಿನ ತಳದ ಡ್ರೈನ್ ಕಾಕ್ (ನೀರು ಬಿಡುವ ನಲ್ಲಿ) ತಿರುಗಿಸಿದರೆ ಮೊದಲು ಬುಸ್ ಅಂತ ಸದ್ದು, ಆಮೇಲೆ ಎಣ್ಣೆ ಬೆರೆತ ನೀರು ಹಾಲು ಜಾಸ್ತಿಯಾದ ಕಾಫಿ ಬಣ್ಣದಲ್ಲಿ ಚಿಮ್ಮುತ್ತೆ. ಅದರಲ್ಲಿ ತುಕ್ಕಿನ ಕೆಂಪು ಕಣ ಬರೋಕೆ ಶುರುವಾದರೆ ಟ್ಯಾಂಕ್ ಒಳಗಿಂದ ತಿನ್ನಿಸಿಕೊಳ್ತಿದೆ ಅಂತ ಅರ್ಥ. ಗಾಳಿ ಸ್ವಲ್ಪ ಇರುವಾಗಲೇ ಕಾಕ್ ತೆಗೆಯಿರಿ, ನೀರು ಪೂರ್ತಿ ಹೋಗುತ್ತೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಇರಲಿ.

ಇನ್ನೊಂದು. ಬ್ಲೋ ಗನ್ ಯಾವತ್ತೂ ಮೈಗೆ, ಹಾಕಿಕೊಂಡ ಬಟ್ಟೆಗೆ ಹಿಡಿಯಬೇಡಿ. ಚರ್ಮದಲ್ಲಿ ಸಣ್ಣ ಗಾಯ ಇದ್ದರೂ ಗಾಳಿ ಒಳಗೆ ನುಗ್ಗಬಹುದು. ಹುಡುಗರು ತಮಾಷೆಗೆ ಒಬ್ಬರ ಗುದದ್ವಾರಕ್ಕೆ ಇನ್ನೊಬ್ಬರು ಗಾಳಿ ಬಿಟ್ಟು, ಕರುಳು ಹರಿದು ಪ್ರಾಣ ಹೋಗಿದ್ದು ನಮ್ಮ ದೇಶದಲ್ಲೇ ಇದೆ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಬಿಡಿಸಿ ಹೇಳಿ, ಗನ್ ಬೀಗದೊಳಗೆ ಇಡಿ. ನೀವು ಕೆಲಸ ಮಾಡುವಾಗ ಕನ್ನಡಕ ಹಾಕಿ.

ಪ್ರಶ್ನೆ: ಮೂಡಿಗೆರೆ ಕಡೆಯವನು. ನನ್ನ ಕಂಪ್ರೆಸರ್ ಸಂಜೆ ಹೊತ್ತು ಗುಂಯ್ ಅನ್ನುತ್ತೆ, ತಿರುಗಲ್ಲ. ಬೆಳಿಗ್ಗೆ ಸರಿ ಇರುತ್ತೆ. ಮೋಟಾರ್ ಹೋಯ್ತಾ?

ಉತ್ತರ: ಬೆಳಿಗ್ಗೆ ತಿರುಗುತ್ತೆ ಅಂದರೆ ಮೋಟಾರಿಗಿಂತ ಮೊದಲು ವೋಲ್ಟೇಜ್ ನೋಡಿ. ಶುರುವಾಗುವ ಗಳಿಗೆಯಲ್ಲಿ ಮೋಟಾರ್ ಓಡುವಾಗಿನದ್ದಕ್ಕಿಂತ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತೆ. ಸಂಜೆ ಲೈನಿನಲ್ಲಿ ವೋಲ್ಟೇಜ್ ಇಳಿದಿದ್ದು, ಮೇಲೆ ನೀವು ಸಪೂರ ವೈರಿನ ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿದ್ದರೆ ಅದು ಏಳೋದೇ ಇಲ್ಲ. ಗುಂಯ್ ಅಂದ ತಕ್ಷಣ ಆಫ್ ಮಾಡಿ, ಇಲ್ಲಾಂದ್ರೆ ಕಾಯಿಲ್ ಸುಡುತ್ತೆ. 16 ಆಂಪಿಯರ್ ಸಾಕೆಟ್ಟಿಗೆ ನೇರ ಹಾಕಿ. ದೂರ ಬೇಕಾದರೆ ವೈರ್ ಉದ್ದ ಮಾಡಬೇಡಿ, ಗಾಳಿಯ ಹೋಸ್ ಉದ್ದ ಮಾಡಿ. ಹೋಸ್ ಅಂದೆ, ನೀರಿನ ಪಿವಿಸಿ ಪೈಪ್ ಅಲ್ಲ. ಅದು ಗಾಳಿಯ ಪ್ರೆಶರಿಗೆ ಒಡೆದರೆ ಚೂರು ಚೂರಾಗಿ ಹಾರುತ್ತೆ. ಇಷ್ಟೆಲ್ಲ ಮಾಡಿದ ಮೇಲೂ ಗುಂಯ್ ಅಂದರೆ ಕೆಪಾಸಿಟರ್ ಬದಲಿಸಿ ನೋಡಿ. ಟ್ಯಾಂಕ್ ಖಾಲಿ ಇದ್ದಾಗ ತಿರುಗಿ, ತುಂಬಿದ್ದಾಗ ಮಾತ್ರ ತಿರುಗದಿದ್ದರೆ ನಾನ್ ರಿಟರ್ನ್ ವಾಲ್ವ್ (ಟ್ಯಾಂಕಿನ ಗಾಳಿ ಪಂಪಿಗೆ ವಾಪಸ್ ಹೋಗದ ಹಾಗೆ ತಡೆಯೋದು) ಸೋರುತ್ತಿರಬಹುದು.

ಪ್ರಶ್ನೆ: ಚಿಕ್ಕಮಗಳೂರು ಪೇಟೆಯಲ್ಲಿ ಮನೆ. 1 ಎಚ್‌ಪಿ, 25 ಲೀಟರಿನದ್ದು ತಗೊಂಡು ಗೇಟು, ಕಿಟಕಿ ಗ್ರಿಲ್‌ಗೆ ನಾನೇ ಪೇಂಟ್ ಹೊಡೆಯಬಹುದಾ?

ಉತ್ತರ: ಗ್ರಿಲ್‌ಗೆ ಆಗುತ್ತೆ, ಸಣ್ಣ ಗನ್ ಹಾಕಿ ತುಂಡು ತುಂಡಾಗಿ ಹೊಡೆಯಬೇಕು. ಕಾರಿನ ಬಾಗಿಲು, ಬಾನೆಟ್ ಆಸೆ ಬಿಡಿ, ಅರ್ಧದಲ್ಲಿ ಗಾಳಿ ಸಾಲದೆ ಪೇಂಟ್ ಉಗುಳುತ್ತೆ. ಗನ್ನಿಗೂ ಹೋಸಿಗೂ ಮಧ್ಯೆ ವಾಟರ್ ಸೆಪರೇಟರ್ ಇರಲೇಬೇಕು. ಮಳೆಗಾಲದಲ್ಲಿ ಹೊಡೆಯಬೇಡಿ, ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಆದರೆ ತೇವ ಹಿಡಿದು ಬಿಳಿಚಿಕೊಳ್ಳುತ್ತೆ. ಡಿಸೆಂಬರ್‌ನಿಂದ ಮಾರ್ಚ್ ಒಳಗೆ, ಇಬ್ಬನಿ ಆರಿದ ಮೇಲೆ ಶುರು ಮಾಡಿ. ಬಟ್ಟೆ ಮಾಸ್ಕ್ ಸಾಲಲ್ಲ, ಪೇಂಟಿನ ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ಕೊಳ್ಳಿ.

ಪ್ರಶ್ನೆ: ಹಳೇ ಫ್ರಿಜ್‌ನ ಕಂಪ್ರೆಸರಿಗೆ ಖಾಲಿ ಗ್ಯಾಸ್ ಸಿಲಿಂಡರ್ ಜೋಡಿಸಿ ಮನೆಯಲ್ಲೇ ಮಾಡಿಕೊಂಡರೆ ಹೇಗೆ?

ಉತ್ತರ: ಸಿಲಿಂಡರ್ ಬೇಡ. ಅದು ನಿಮ್ಮದೂ ಅಲ್ಲ, ಗ್ಯಾಸ್ ಕಂಪನಿಯದ್ದು. ಒಳಗೆ ಉಳಿದ ಗ್ಯಾಸ್ ವೆಲ್ಡಿಂಗ್ ಕಿಡಿಗೆ ಹೊತ್ತಿಕೊಳ್ಳುತ್ತೆ, ನೀರು ಬಿಡೋಕೆ ತಳದಲ್ಲಿ ಕಾಕ್ ಇರಲ್ಲ. ಫ್ರಿಜ್ ಕಂಪ್ರೆಸರ್ ಸದ್ದಿಲ್ಲದೆ ಓಡುತ್ತೆ ನಿಜ, ಆದರೆ ಕೊಡುವ ಗಾಳಿ ತೀರಾ ಕಮ್ಮಿ, ಬೇಗ ಕಾಯುತ್ತೆ. ಸೈಕಲ್ಲು, ಬೈಕಿನ ಟೈರಿಗಷ್ಟೇ ನಿಮಗೆ ಗಾಳಿ ಬೇಕಾದರೆ ಗಾಡಿ ಬ್ಯಾಟರಿಗೆ ಹಾಕುವ 12 ವೋಲ್ಟಿನ ಚಿಕ್ಕ ಪಂಪ್ ತನ್ನಿ, ಅದಕ್ಕೆ ಟ್ಯಾಂಕೇ ಬೇಕಾಗಲ್ಲ.