ಘಟ್ಟ ಇಳಿಸಿದವನಿಗೆ ಥಿಯರಿ ಟೆಸ್ಟ್ ಯಾಕೆ ಕೈಕೊಟ್ಟಿತು

ತಮ್ಮಾ, ನಿನ್ನ ಮೆಸೇಜು ನಿನ್ನೆ ರಾತ್ರಿಯೇ ನೋಡಿದೆ. ಇಲ್ಲಿ ಬ್ರಿಟನ್ನಿನ ಡ್ರೈವಿಂಗ್ ಥಿಯರಿ ಟೆಸ್ಟಿನಲ್ಲಿ ಪ್ರಶ್ನೆಗಳಿಗೆ 50ಕ್ಕೆ 47, ವಿಡಿಯೋ ನೋಡುತ್ತಾ ಅಪಾಯ ಕಂಡಾಗ ಮೌಸ್ ಒತ್ತುವ ಹಜಾರ್ಡ್ ಪರ್ಸೆಪ್ಶನ್‌ನಲ್ಲಿ 75ಕ್ಕೆ 38. ಒಟ್ಟಿನಲ್ಲಿ ಫೇಲು. "ಅಕ್ಕಾ, ಮಳೆಗಾಲದಲ್ಲೂ ಶಿರಸಿಯಿಂದ ಕುಮಟೆಗೆ ಕಾರು ಇಳಿಸಿದವನು ನಾನು. ಇಲ್ಲಿ ಬಂದು ಮೌಸ್ ಒತ್ತುವುದರಲ್ಲಿ ಸೋತೆ ಅಂದ್ರೆ ಏನು ಹೇಳಲಿ? ಮತ್ತೆ ಎರಡನ್ನೂ ಬರೀಬೇಕಾ? ಅಲ್ಲೀತನಕ ಊರಿನ ಲೈಸೆನ್ಸಿನಲ್ಲಿ ಓಡಿಸಬಹುದಾ? ಮೇ ತಿಂಗಳಲ್ಲಿ ಅಪ್ಪ ಬರ್ತಾರೆ, ಅವರಿಗೆ ಕಾರು ಕೊಡಬಹುದಾ?" ಅಂತ ಕೇಳಿದ್ದೀಯ.

ಸಣ್ಣದನ್ನು ಮೊದಲು ಮುಗಿಸ್ತೇನೆ. ಹೌದು, ಎರಡನ್ನೂ ಬರೀಬೇಕು. ಪ್ರಶ್ನೆಗಳಲ್ಲಿ 43, ಹಜಾರ್ಡಿನಲ್ಲಿ 44, ಎರಡೂ ಒಂದೇ ದಿನ ಬರಬೇಕು. ಆ 47 ಹೋಯ್ತು, ಮರೆತುಬಿಡು. ನಡುವೆ ಮೂರು ಕೆಲಸದ ದಿನವಾದರೂ ಬಿಡಬೇಕು. ಫೀಸು ಮತ್ತೆ 23 ಪೌಂಡ್. ಬುಕಿಂಗ್ ಸರ್ಕಾರದ ವೆಬ್‌ಸೈಟಿನಲ್ಲೇ ಮಾಡು. ಹುಡುಕಿದಾಗ ಮೇಲೆ ಬರುವ ಕೆಲವು ಸೈಟುಗಳು ಆರ್‌ಟಿಒ ಬಾಗಿಲಲ್ಲಿ ಫೈಲು ಹಿಡಿದು ನಿಲ್ಲುವ ಏಜೆಂಟರ ಹಾಗೇ, ಸುಮ್ನೆ ಮೇಲೊಂದಿಷ್ಟು ಕೀಳ್ತಾರೆ. ಏಜೆಂಟನಿಂದ ಊರಲ್ಲಾದರೂ ಕೆಲಸ ಆಗ್ತಿತ್ತು. ಇಲ್ಲಿ ಅದೂ ಇಲ್ಲ.

ಊರಿನ ಲೈಸೆನ್ಸಿನ ವಿಷಯ. ಇಲ್ಲಿ ವಾಸಕ್ಕೆ ಅಂತ ಬಂದ ದಿನದಿಂದ 12 ತಿಂಗಳು ಅದು ನಡೆಯುತ್ತದೆ. ಥಿಯರಿ ಫೇಲಾದರೆ ಅದಕ್ಕೇನೂ ಧಕ್ಕೆ ಇಲ್ಲ. ಕಲಿಯುವವರಿಗೆ ಇಲ್ಲಿ ಕೊಡುವ ಪ್ರೊವಿಷನಲ್ ಕಾರ್ಡ್ ತಗೊಂಡಿದ್ದೀಯ ಅಂತ ಈಗಲೇ ಎಲ್ ಬೋರ್ಡ್ ಹಚ್ಚಬೇಕಾಗಿಯೂ ಇಲ್ಲ. ಆದರೆ 12 ತಿಂಗಳು ಮುಗಿದ ಮಾರನೇ ದಿನ ನೀನು ಬರೀ ಕಲಿಯುವವನು. ಎಲ್ ಬೋರ್ಡ್ ಬೇಕು, ಪಕ್ಕದಲ್ಲಿ 21 ದಾಟಿದ, ಮೂರು ವರ್ಷದಿಂದ ಲೈಸೆನ್ಸ್ ಇರುವವರು ಕೂತಿರಬೇಕು. ನಮ್ಮ ಲೈಸೆನ್ಸನ್ನು ಇಲ್ಲಿನದಕ್ಕೆ ನೇರವಾಗಿ ಬದಲಾಯಿಸಿ ಕೊಡುವುದಿಲ್ಲ. ನೀನು ಬಂದದ್ದು ಸೆಪ್ಟೆಂಬರಿನಲ್ಲಿ ಅಲ್ವಾ? ಥಿಯರಿ ಪಾಸಾದ ಮೇಲೆ ಪ್ರಾಕ್ಟಿಕಲ್‌ಗೆ ದಿನ ಸಿಗುವುದೇ ದೊಡ್ಡ ಕಷ್ಟ, ಎಷ್ಟೋ ಊರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಬೇಜಾರು ಮಾಡ್ಕೊಂಡು ಕೂರಬೇಡ, ಈ ವಾರವೇ ಮತ್ತೆ ಬುಕ್ ಮಾಡು.

ಈಗ ಹಜಾರ್ಡ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆಯ ಒಳ್ಳೆ ಒಳ್ಳೆ ಡ್ರೈವರುಗಳೇ ಇದರಲ್ಲಿ ಬೀಳುವುದನ್ನು ನೋಡಿದ್ದೇನೆ. ಗಾಡಿ ಕಲಿಯುವ ಮುಂಚೆಯೇ ಇಲ್ಲಿಗೆ ಬಂದ ಹುಡುಗಿಯರು ಆರಾಮಾಗಿ ಪಾಸಾಗುತ್ತಾರೆ.

ಕುಮಟೆ ದಾರಿಯ ದೇವಿಮನೆ ಘಟ್ಟದಲ್ಲಿ ನೀನು ಏನು ಮಾಡ್ತೀಯ ನೆನಪಿಸಿಕೋ. ತಿರುವಿನಾಚೆ ಏನೂ ಕಾಣುವುದಿಲ್ಲ. ಹಾರ್ನ್ ಹೊಡೀತೀಯ. ಆಚೆಯಿಂದ ಲಾರಿ ಹಾರ್ನ್ ಹೊಡೆದರೆ ಎಡಕ್ಕೆ ಒತ್ತಿ ಹಿಡೀತೀಯ. ಹೊಡೆಯದೇ ಎದುರಿಗೆ ಬಂದರೆ, ಆ ಕ್ಷಣದಲ್ಲಿ ಬ್ರೇಕು, ಗೇರು, ಸ್ಟೀರಿಂಗು ಎಲ್ಲ ಒಟ್ಟಿಗೆ. ಅದು ಕೈಚಳಕ, ಸಣ್ಣ ವಿದ್ಯೆ ಅಲ್ಲ. ಘಟ್ಟ ಹತ್ತಿ ಇಳಿದವರ ಬಗ್ಗೆ ನನಗೆ ಈಗಲೂ ಹೆಮ್ಮೆಯೇ. ಆದರೆ ಈ ಟೆಸ್ಟು ಕೈ ನೋಡುವುದಿಲ್ಲ, ಕಣ್ಣು ನೋಡುತ್ತದೆ. ಅಪಾಯದಿಂದ ಹೇಗೆ ತಪ್ಪಿಸಿಕೊಂಡೆ ಅಂತ ಕೇಳುವುದಿಲ್ಲ, ಎಷ್ಟು ಬೇಗ ಅನುಮಾನ ಬಂತು ಅಂತ ಕೇಳುತ್ತದೆ.

14 ವಿಡಿಯೋ ಇರುತ್ತವೆ. 13ರಲ್ಲಿ ಒಂದೊಂದು ಅಪಾಯ, ಒಂದರಲ್ಲಿ ಎರಡು. ಒಂದಕ್ಕೆ ಹೆಚ್ಚೆಂದರೆ 5 ಅಂಕ. ರಸ್ತೆ ಬದಿ ಒಂದು ಕಾರು ನಿಂತಿದೆ ಅಂದುಕೋ. ಸುಮ್ನೆ ನಿಂತಿದ್ದರೆ ಅದು ಲೆಕ್ಕಕ್ಕಿಲ್ಲ. ನೀನು ಹತ್ತಿರ ಬರುತ್ತಿದ್ದ ಹಾಗೆ ಅದರ ಬಲಗಡೆ ಇಂಡಿಕೇಟರ್ ಹೊತ್ತಿಕೊಳ್ಳುತ್ತದೆ. ಅಲ್ಲಿ ಒತ್ತಬೇಕು, 5 ಸಿಗುತ್ತದೆ. ಅದು ಹೊರಡಲು ಶುರುಮಾಡಿದಾಗ ಒತ್ತಿದರೆ ಅಂಕ ಇಳಿಯುತ್ತಾ ಬರುತ್ತದೆ. ನಿನ್ನ ಮುಂದೆ ಅಡ್ಡ ಬಂದ ಮೇಲೆ ಒತ್ತಿದರೆ ಸೊನ್ನೆ. ನಿನ್ನಂಥವನಿಗೆ ಇಂಡಿಕೇಟರ್ ಕಂಡಿರುವುದಿಲ್ಲ ಅಂತಲ್ಲ. ಕಂಡಿರುತ್ತದೆ. "ಬರಲಿ, ನೋಡ್ಕೊಳ್ಳೋಣ" ಅಂತ ಬೆರಳು ಕಾಯುತ್ತದೆ. ಆ ಧೈರ್ಯಕ್ಕೇ ಇಲ್ಲಿ ಅಂಕ ಕಳೆದುಹೋಗುವುದು.

ತೀರ ಮುಂಚೆ ಒತ್ತಿದರೂ ಅಂಕ ಇಲ್ಲ. ಹಾಗಾಗಿ ಅನುಮಾನ ಬಂದಾಗ ಒಂದು ಸಲ, ಅದು ಗಟ್ಟಿಯಾದಾಗ ಇನ್ನೊಂದು ಸಲ ಒತ್ತು. ಆದರೆ ಟಕಟಕ ಅಂತ ಒಂದೇ ತಾಳದಲ್ಲಿ ಒತ್ತುತ್ತಾ ಹೋದರೆ ಮೋಸ ಅಂತ ಹಿಡಿದು ಆ ವಿಡಿಯೋಗೆ ಸೊನ್ನೆ ಹಾಕುತ್ತದೆ. ನಿನ್ನ 38ರಲ್ಲಿ ಹೀಗೆ ಹೋದದ್ದೂ ಇರಬಹುದು, ಯೋಚಿಸಿ ನೋಡು.

ಅಭ್ಯಾಸಕ್ಕೆ ಆ್ಯಪುಗಳಿವೆ, ನೋಡು. ಆದರೆ ನಾನು ಕಲಿತದ್ದು ಬಸ್ಸಿನಲ್ಲಿ. ನಾನು ಬಂದದ್ದು ನವೆಂಬರಿನಲ್ಲಿ, ನಾಲ್ಕು ಗಂಟೆಗೇ ಕತ್ತಲು, ಯಾರ ಪರಿಚಯವೂ ಇಲ್ಲ. ರೆಡಿಂಗಿನ ಡಬಲ್ ಡೆಕರ್ ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಕೈಚೀಲದ ಮೇಲೆ ಬೆರಳು ಒತ್ತುತ್ತಿದ್ದೆ. ಸೈಕಲ್ಲಿನವ ತಿರುಗಿ ಹಿಂದೆ ನೋಡಿದ, ಒತ್ತು. ಐಸ್‌ಕ್ರೀಮ್ ವ್ಯಾನಿನ ಹಿಂದೆ ಮಗುವಿನ ಕಾಲು ಕಂಡಿತು, ಒತ್ತು. ಬೇಸಿಗೆ ಬರುವವರೆಗೆ ಅದೇ ಕೆಲಸ. ಪಕ್ಕದಲ್ಲಿ ಕೂತವರು ಏನಂದುಕೊಂಡರೋ.

ಪ್ರಶ್ನೆಗಳಲ್ಲಿ ನಿನಗೆ ತೊಂದರೆ ಇಲ್ಲ. ಆದರೂ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಒಮ್ಮೆ ತಿರುವಿ ಹಾಕು. ಊರಿನ ಬುದ್ಧಿ ಅಡ್ಡ ಬರುವುದು ಎರಡು ಕಡೆ. ಹೆಡ್‌ಲೈಟ್ ಮಿಣುಕಿಸುವುದು "ನಾನು ಬರ್ತಿದ್ದೇನೆ, ನೀನು ನಿಲ್ಲು" ಅನ್ನುವುದಕ್ಕಲ್ಲ, ಇಲ್ಲಿದ್ದೇನೆ ಅಂತ ತಿಳಿಸಲು ಮಾತ್ರ. ಹಾರ್ನೂ ಅಷ್ಟೆ, ಜನವಸತಿ ಇರುವಲ್ಲಿ ರಾತ್ರಿ 11:30ರಿಂದ ಬೆಳಿಗ್ಗೆ 7ರವರೆಗೆ ಹೊಡೆಯಲೇಬಾರದು. 2022ರಲ್ಲಿ ಇನ್ನೊಂದು ಬದಲಾಯಿತು. ನೀನು ತಿರುಗುವ ರಸ್ತೆಯನ್ನು ದಾಟಲು ಯಾರಾದರೂ ಕಾಯುತ್ತಿದ್ದರೂ ಅವರಿಗೇ ದಾರಿ ಬಿಡಬೇಕು. ಇದು ನನ್ನ ಮೈಗೆ ಎಷ್ಟು ಹತ್ತಿದೆ ಅಂದರೆ, ಹೋದ ಸಲ ಕುಮಟೆಯ ಗಿಬ್ ಸರ್ಕಲ್ಲಿನ ಹತ್ತಿರ ಮೀನುಬುಟ್ಟಿ ಹೊತ್ತ ಹೆಂಗಸಿಗೆ ದಾಟಲಿ ಅಂತ ಕಾರು ನಿಲ್ಲಿಸಿದೆ. ಅವಳು ದಾಟಲೇ ಇಲ್ಲ. ನಾನು ಯಾಕೆ ನಿಂತೆ ಅಂತ ನನ್ನನ್ನೇ ನೋಡುತ್ತಾ ನಿಂತಳು. ಹಿಂದಿನ ಬಸ್ಸಿನವ ಹಾರ್ನಿನಿಂದ ಕೈ ತೆಗೆಯಲಿಲ್ಲ.

ಇನ್ನು ನಿನ್ನ ಅಪ್ಪ. ನೀನು ಕೊನೆಗೆ ಒಂದು ಸಾಲಿನಲ್ಲಿ ಕೇಳಿದ್ದೀಯ. ನನಗೆ ಓದಿದ ಕೂಡಲೇ ಮೊದಲು ಕಣ್ಣಿಗೆ ಬಿದ್ದದ್ದು ಅದೇ.

ಓಡಿಸಬಹುದು. ನೋಡಲು ಬಂದವರು ಊರಿನ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ 12 ತಿಂಗಳ ತನಕ ಇಲ್ಲಿ ಸಣ್ಣ ಗಾಡಿ ಓಡಿಸಬಹುದು. ಆದರೆ ನಿನ್ನ ಇನ್ಶೂರೆನ್ಸಿನಲ್ಲಿ ಅವರ ಹೆಸರು ಸೇರಿರಬೇಕು, ಇಲ್ಲದಿದ್ದರೆ ಅಪರಾಧ. ನನ್ನಪ್ಪ ಶಿರಸಿಯಿಂದ ಕರಾವಳಿಗೆ ಅಡಿಕೆ ಲಾರಿ ಇಳಿಸುತ್ತಿದ್ದವರು. ಇಲ್ಲಿಗೆ ಬಂದಾಗ ಎಡಗಡೆ ಸೀಟಿನಲ್ಲಿ ಕೂತು, ನಾನು ಬ್ರೇಕ್ ಹಾಕುವ ಮುಂಚೆಯೇ ಅವರ ಬಲಗಾಲು ಮ್ಯಾಟಿನ ಮೇಲೆ ಒತ್ತುತ್ತಿತ್ತು. ಒಂದು ದಿನ ಮೋಟರ್‌ವೇಯಲ್ಲಿ "ಎಷ್ಟು ಚಂದದ ರಸ್ತೆ, ಒಂದ್ಸಲ ಕೊಡ್ತೀಯಾ" ಅಂದರು. ಇನ್ಶೂರೆನ್ಸಿನವರು ಹೇಳಿದ ಮೊತ್ತ ಕೇಳಿ ಮುಂದಿನ ಸಲ ನೋಡೋಣ ಅಂದೆ. ಮುಂದಿನ ಸಲ ಬರಲಿಲ್ಲ. ಮಂಡಿ ನೋವು, ಆಮೇಲೆ ಕಣ್ಣಿನ ಪೊರೆ, ಈಗ ಊರಲ್ಲೂ ಗಾಡಿ ಮುಟ್ಟುವುದಿಲ್ಲ. ಆ ದುಡ್ಡು ಬೇರೆ ಯಾವುದಕ್ಕೋ ಖರ್ಚಾಗಿ ಹೋಯ್ತು. ಯಾವುದಕ್ಕೆ ಅಂತ ನೆನಪೂ ಇಲ್ಲ.

ನೀನು ಹಾಗೆ ಮಾಡಬೇಡ. ಏಪ್ರಿಲಿನಲ್ಲೇ ಇನ್ಶೂರೆನ್ಸಿನವರನ್ನು ಕೇಳು, ಕೆಲವರು ಕೆಲವೇ ದಿನಗಳಿಗೂ ಕೊಡುತ್ತಾರೆ. ಮೊದಲು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಕೊಡು. ರೌಂಡಬೌಟಿನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಅಂತ ಹತ್ತು ಸಲ ಹೇಳು. ಹಾರ್ನ್ ಹೊಡೆದರೆ ಬೈಯಬೇಡ.

ಟೆಸ್ಟಿನ ದಿನ ಪ್ರೊವಿಷನಲ್ ಕಾರ್ಡ್ ಜೇಬಿನಲ್ಲಿದೆಯಾ ನೋಡಿಕೊಂಡೇ ಮನೆ ಬಿಡು. ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ. ಪಾಸಾದರೆ ಆ ಸರ್ಟಿಫಿಕೇಟ್ ಎರಡು ವರ್ಷ ಮಾತ್ರ. ಪ್ರಾಕ್ಟಿಕಲ್ ದಿನವನ್ನು ಅವತ್ತು ಸಂಜೆಯೇ ಹುಡುಕು. ಸ್ವಿಂಡನ್ನಿನಲ್ಲಿ ಸಿಗದಿದ್ದರೆ ನಮ್ಮ ರೆಡಿಂಗಿನಲ್ಲಿ ನೋಡು. ಊಟಕ್ಕೆ ಮನೆಗೆ ಬಾ. ಅಪ್ಪ ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ತರ್ತಾರಾ ಕೇಳು, ಸೀಲ್ ಮಾಡಿಸಿ ತರಲಿ.