ಪ್ರಾಜೆಕ್ಟ್ ಕೊಳ್ಳುವುದೋ, ಮಾಡುವುದೋ?

ಪ್ರಶ್ನೆ: ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾಳೆ. ಅಡಿಕೆ ಸುಲಿಯುವವರಿಗೆ ಬೆನ್ನು ನೋಯದಂಥ ಆಸನ ಮಾಡುತ್ತೇವೆಂದು ಅವಳ ತಂಡದ ನಾಲ್ವರು ಓಡಾಡುತ್ತಿದ್ದಾರೆ. ತರಗತಿಯ ಉಳಿದವರು ಅಂಗಡಿಯಿಂದ ಸಿದ್ಧ ಪ್ರಾಜೆಕ್ಟ್ ತಂದಿಟ್ಟು ಇಂಟರ್‌ವ್ಯೂಗೆ ಓದುತ್ತಿದ್ದಾರೆ. ಇವಳೂ ಹಾಗೆ ಮಾಡಿದರೆ ಕೆಲಸ ಸಿಗಲು ಅನುಕೂಲವಲ್ಲವೇ?
– ಒಬ್ಬ ತಾಯಿ, ಸಾಗರ

ಉತ್ತರ: ದಯವಿಟ್ಟು ಕೊಳ್ಳಬೇಡಿ, ತಾಯಿ. ಮಾಚೇನಹಳ್ಳಿಯ ಫ್ಯಾಬ್ರಿಕೇಶನ್ ಶೆಡ್ಡೊಂದರಲ್ಲಿ ಹೊಸಬರನ್ನು ಆರಿಸುತ್ತಿದ್ದವನು ನಾನು. ಅಂಕಪಟ್ಟಿಗಿಂತ ಮೊದಲು ಪ್ರಾಜೆಕ್ಟಿನ ಡ್ರಾಯಿಂಗ್ ಬಿಡಿಸುತ್ತಿದ್ದೆ. ‘ಇಲ್ಲಿ 5 ಮಿ.ಮೀ. ಪ್ಲೇಟ್ ಯಾಕೆ? 3 ಸಾಲದೇ?’ ಎಂದರೆ ಕೊಂಡು ತಂದವರು ಸುಮ್ಮನಾಗುತ್ತಿದ್ದರು. ಕೈಯಾರೆ ಮಾಡಿದವರು ವಾದಕ್ಕೆ ನಿಲ್ಲುತ್ತಿದ್ದರು. ಆ ವಾದ ಕೇಳಿಯೇ ನಾನು ಕೆಲಸ ಕೊಡುತ್ತಿದ್ದೆ.

ನಿಮ್ಮ ಮಗಳ ವಿಷಯ ನನಗೆ ತುಂಬ ಹಿಡಿಸಿತು. ಆದರೆ ಕಂಪ್ಯೂಟರಿನಲ್ಲಿ ಗೆರೆ ಎಳೆಯುವ ಮೊದಲು ಅವಳು ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಪಕ್ಕ ಒಂದು ಸಂಜೆ ಕೂರಲಿ. ಮೊಣಕಾಲಿನ ಎತ್ತರ, ಕೈ ಚಾಚುವ ದೂರ ಅಳೆಯಲಿ. ನೋವು ಬರುವುದು ಆಸನದಿಂದಲೋ, ಪ್ರತಿ ಅಡಿಕೆಗೂ ನೆಲದ ರಾಶಿಗೆ ಬಗ್ಗುವುದರಿಂದಲೋ? ಎರಡನೆಯದಾದರೆ ಎತ್ತರಿಸಬೇಕಾದದ್ದು ರಾಶಿಯನ್ನು. ಇದನ್ನು ಗುರುತಿಸುವವರೇ ಕಾರ್ಖಾನೆಗೆ ಬೇಕಾದವರು.

ಇನ್ನು ವೆಲ್ಡಿಂಗ್. ಬೆಸುಗೆ ಆರುವಾಗ ಕುಗ್ಗಿ ಫ್ರೇಮನ್ನು ಎಳೆಯುತ್ತದೆ. ಮೊದಲು ಮೂಲೆಗಳಿಗೆ ಟ್ಯಾಕ್, ಅಂದರೆ ಹಿಡಿದಿಡುವಷ್ಟೇ ಸಣ್ಣ ಬೆಸುಗೆ, ಹಾಕಿ, ಎರಡು ಕರ್ಣ ಸಮ ಇವೆಯೇ ಎಂದು ಟೇಪ್ ಹಿಡಿದು ನೋಡಿ, ಆಮೇಲೆ ಪೂರ್ತಿ ಬೆಸೆಯಬೇಕು. ಫ್ರೇಮ್ ಒಮ್ಮೆ ಸೊಟ್ಟಗಾದರೆ ಈ ಪಾಠ ಜನ್ಮಕ್ಕೂ ಮರೆಯುವುದಿಲ್ಲ. ಖರ್ಚನ್ನೂ ಅವರೇ ಲೆಕ್ಕ ಹಾಕಲಿ: 1 ಮಿ.ಮೀ. ದಪ್ಪದ ಉಕ್ಕಿನ ಶೀಟ್ ಒಂದು ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ. ತೂಕ ತಿಳಿದರೆ ಅಂಗಡಿಯಲ್ಲಿ ದರ ಮಾತಾಡಬಹುದು. ಆ ಮಾತಿಗೆ ತಂಡದಲ್ಲಿ ಬಾಯಿ ಬಿಡದವರನ್ನೇ ಕಳಿಸಲಿ.

ಹಣದ ಚಿಂತೆಯಿದ್ದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತದೆ. ಡಿಪ್ಲೊಮಾದವರಿಗೂ ಅದು ಸಿಗುತ್ತದೆಯೇ, ಕಾಲೇಜಿನ ಮೂಲಕ ಅರ್ಜಿ ಹಾಕಬಹುದೇ ಎಂದು ಮೇಷ್ಟ್ರನ್ನು ವಿಚಾರಿಸಲಿ.

ಕೆಟ್ಟುಹೋದ ಮೊದಲ ಆಸನವನ್ನು ಗುಜರಿಗೆ ಹಾಕಬೇಡಿ. ಅದರ ಫೋಟೊ, ಯಾಕೆ ಬದಲಾಯಿಸಿದೆವು ಎಂದು ಬರೆದಿಟ್ಟ ನೋಟ್‌ಬುಕ್ ಎರಡೂ ಇಂಟರ್‌ವ್ಯೂಗೆ ಹೋಗಲಿ. ಮಗಳನ್ನು ಈ ವಾರವೇ ಸುಲಿಯುವ ಮನೆಗೆ ಕಳಿಸಿ. ಕೊಯ್ಲು ಮುಗಿದರೆ ಕೂರಿಸಿ ನೋಡಲು ಯಾರೂ ಸಿಗುವುದಿಲ್ಲ.