ಅಕ್ಕನನ್ನು ಟ್ರಯಲ್‌ಗೆ ಸೇರಿಸಬೇಕೆ? ಮೊದಲು ಎದುರು ಗುಂಪಿನ ಬಗ್ಗೆ ಕೇಳಿ

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು. ಮಡಗಾಂವ್‌ನಲ್ಲಿರುವ ನಿಮ್ಮ ಅಕ್ಕನಿಗೆ ನಾಲ್ಕು ತಿಂಗಳಿನಿಂದ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ವೈದ್ಯರು ಖಿನ್ನತೆ ಎಂದಿದ್ದಾರೆ, ಆಪ್ತಸಮಾಲೋಚನೆಯ ಕ್ಲಿನಿಕಲ್ ಟ್ರಯಲ್ ಒಂದಕ್ಕೆ ಸೇರುತ್ತೀರಾ ಎಂದು ಕೇಳಿದ್ದಾರೆ. ಯಾರಿಗೆ ಹೊಸ ಚಿಕಿತ್ಸೆ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ ಎಂದು ತಿಳಿದು ನಿಮ್ಮ ಭಾವನವರು ಸಿಟ್ಟಾಗಿದ್ದಾರೆ: "ನಮ್ಮವರೇನು ಪ್ರಯೋಗದ ಇಲಿಗಳೇ?" ಇತ್ತ ಗೆಳೆಯರೊಬ್ಬರು ಸಿಸ್ಟಮ್ಯಾಟಿಕ್ ರಿವ್ಯೂ (ಹಳೆಯ ಟ್ರಯಲ್‌ಗಳನ್ನೆಲ್ಲ ಒಟ್ಟಿಗೆ ತೂಗಿದ ವರದಿ) ಒಂದನ್ನು ಕಳಿಸಿ, ಎಲ್ಲ ಇದರಲ್ಲೇ ತೀರ್ಮಾನವಾಗಿದೆ, ಮತ್ತೆ ಟ್ರಯಲ್ ಯಾಕೆ ಎನ್ನುತ್ತಿದ್ದಾರೆ.

ನಾನು ವೈದ್ಯೆಯಲ್ಲ. ಗದಗ ಕಡೆಯವಳು, ಮದುವೆಯಾಗಿ ವಾಸ್ಕೋಗೆ ಬಂದೆ. ಕನ್ನಡ, ಕೊಂಕಣಿ, ಹಿಂದಿ ಮೂರೂ ಬರುತ್ತವೆ ಎಂಬ ಒಂದೇ ಅರ್ಹತೆಯ ಮೇಲೆ ಆರು ವರ್ಷ ಇಂಥ ಅಧ್ಯಯನಗಳಲ್ಲಿ ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬುವ ಕೆಲಸ ಮಾಡಿದೆ. ಬಾಯ್ನಾ, ಮಾಂಗೋರ್ ಹಿಲ್, ಝುವಾರಿ ನಗರದ ಓಣಿಗಳಲ್ಲಿ ನನ್ನ ಎಷ್ಟು ಚಪ್ಪಲಿಗಳು ಸವೆದಿವೆಯೋ ಲೆಕ್ಕವಿಲ್ಲ. ಆದ್ದರಿಂದ ಇದು ಕೆಳಗಿನಿಂದ ನೋಡಿದವಳ ಉತ್ತರ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸ ಚಿಕಿತ್ಸೆ ಏನು ಎಂದು ನೀವು ಮೂರು ಸಾಲು ಬರೆದಿದ್ದೀರಿ. ಎದುರು ಗುಂಪಿಗೆ, ಅಂದರೆ ಹೊಸ ಚಿಕಿತ್ಸೆ ಸಿಗದೆ ಹೋಲಿಕೆಗೆಂದು ಇರುವವರಿಗೆ, ಏನು ಕೊಡುತ್ತಾರೆ ಎಂದು ಒಂದು ಪದವೂ ಇಲ್ಲ. ಸೇರಬೇಕೋ ಬೇಡವೋ ಎಂಬುದು ಹೆಚ್ಚಾಗಿ ಅಲ್ಲೇ ತೀರ್ಮಾನವಾಗುತ್ತದೆ. ಗೆಳೆಯರ ರಿವ್ಯೂಗೂ ಇದೇ ಪ್ರಶ್ನೆ ಹಾಕಬೇಕು.

ಚೀಟಿಯ ವಿಷಯ. ಭಾವನವರ ಸಿಟ್ಟು ನನಗೆ ಅರ್ಥವಾಗುತ್ತದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಅದೇ ಸಿಟ್ಟು ಇತ್ತು. ನಮ್ಮ ತಂಡದ ಹುಡುಗಿಯೊಬ್ಬಳು, ಗಂಡ ತೀರಿಕೊಂಡು ಎರಡು ಮಕ್ಕಳೊಂದಿಗೆ ಒದ್ದಾಡುತ್ತಿದ್ದ ಹೆಂಗಸನ್ನು ಹೇಗಾದರೂ ಸಮಾಲೋಚನೆಯ ಗುಂಪಿಗೇ ಹಾಕಿ ಎಂದು ಮೇಲ್ವಿಚಾರಕರ ಮುಂದೆ ಅತ್ತಳು. ಯಾರು ಯಾವ ಗುಂಪು ಎಂಬ ಚೀಟಿಯ ಲಕೋಟೆಗಳನ್ನೆಲ್ಲ ಮೊದಲೇ ಮುಚ್ಚಿ, ಸಂಖ್ಯೆ ಹಾಕಿ ಇಟ್ಟಿದ್ದರು, ಮೇಲ್ವಿಚಾರಕರು ಒಪ್ಪಲಿಲ್ಲ. ಆಗ ಕಲ್ಲುಹೃದಯ ಎನ್ನಿಸಿತು. ಆದರೆ ಯೋಚಿಸಿ: ನಾವು ಕರುಣೆಯಿಂದ ಆರಿಸಿದರೆ ತೀರಾ ಕಷ್ಟದಲ್ಲಿರುವವರೆಲ್ಲ ಒಂದೇ ಕಡೆ ಸೇರುತ್ತಾರೆ. ವೈದ್ಯರು ಭರವಸೆಯಿಂದ ಆರಿಸಿದರೆ ಬೇಗ ಗುಣವಾಗುವ ಲಕ್ಷಣವಿರುವವರು ಒಂದೇ ಕಡೆ ಸೇರುತ್ತಾರೆ. ಕೊನೆಗೆ ಗುಣವಾದದ್ದು ಚಿಕಿತ್ಸೆಯಿಂದಲೋ, ಆರಿಸಿದ ಕೈಯಿಂದಲೋ ಎಂದು ಯಾರೂ ಹೇಳಲಾರರು. ಅದಲ್ಲದೆ ಖಿನ್ನತೆ ಏರಿಳಿಯುವ ಕಾಯಿಲೆ. ಯಾವ ವಿಶೇಷ ಚಿಕಿತ್ಸೆಯೂ ಇಲ್ಲದೆ ಕೆಲವು ತಿಂಗಳಲ್ಲಿ ಚೇತರಿಸಿಕೊಳ್ಳುವವರು ಸಾಕಷ್ಟು ಜನ ಇರುತ್ತಾರೆ. ಆಗ ಪಕ್ಕದಲ್ಲಿದ್ದ ತಾಯಿತಕ್ಕೋ ಗುಳಿಗೆಗೋ ಹೆಸರು ಬರುತ್ತದೆ.

ಇನ್ನು ಎದುರು ಗುಂಪು. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ, ಗೋವಾದಲ್ಲೇ ಇದೆ. 1996ರಲ್ಲಿ ಇಲ್ಲಿ ಆರಂಭವಾದ ಸಂಗಾತ್ ಸಂಸ್ಥೆ ಮತ್ತು ಮನೋವೈದ್ಯ ವಿಕ್ರಮ್ ಪಟೇಲ್ ಅವರ ತಂಡ 'ಮಾನಸ್' ಎಂಬ ಟ್ರಯಲ್ ನಡೆಸಿದ್ದರು. ಫಲಿತಾಂಶ 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಲ್ಲಿ ಚೀಟಿ ಎತ್ತಿದ್ದು ರೋಗಿಗಳಿಗಲ್ಲ, ಕ್ಲಿನಿಕ್‌ಗಳಿಗೆ: 12 ಸರ್ಕಾರಿ ಆರೋಗ್ಯ ಕೇಂದ್ರ, 12 ಖಾಸಗಿ ವೈದ್ಯರ ಕ್ಲಿನಿಕ್. ಅರ್ಧ ಕಡೆಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರು ಬಂದರು, ಉಳಿದರ್ಧ ಕಡೆ ವೈದ್ಯರಿಗೆ ರೋಗಿಯ ತಪಾಸಣೆಯ ಫಲಿತಾಂಶ ಮತ್ತು ಚಿಕಿತ್ಸೆಯ ಕೈಪಿಡಿ ಮಾತ್ರ ಕೊಟ್ಟರು. ಕಾಯಿಲೆ ಖಚಿತವಾದವರಲ್ಲಿ ಆರು ತಿಂಗಳಿಗೆ ಚೇತರಿಸಿಕೊಂಡವರು ಎಷ್ಟು ನೋಡಿ. ಸರ್ಕಾರಿ ಕೇಂದ್ರಗಳಲ್ಲಿ ಸಮಾಲೋಚಕರು ಇದ್ದ ಕಡೆ ಶೇ 65.9, ಇಲ್ಲದ ಕಡೆ ಶೇ 42.5. ಖಾಸಗಿ ಕ್ಲಿನಿಕ್‌ಗಳಲ್ಲಿ ಇದ್ದ ಕಡೆ ಶೇ 64.1, ಇಲ್ಲದ ಕಡೆ ಶೇ 65.9.

ಈ ನಾಲ್ಕು ಅಂಕಿಗಳನ್ನು ನಾನು ಬಹಳ ದಿನ ಡೈರಿಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಆತುರದಲ್ಲಿ ಓದಿದರೆ "ಚಿಕಿತ್ಸೆ ಸರ್ಕಾರಿ ಕಡೆ ಕೆಲಸ ಮಾಡಿತು, ಖಾಸಗಿ ಕಡೆ ಸೋತಿತು" ಎನ್ನಿಸುತ್ತದೆ. ಆದರೆ ಚಿಕಿತ್ಸೆ ಪಡೆದವರು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾಗಿದ್ದಾರೆ! ಬದಲಾದದ್ದು ಎದುರು ಗುಂಪು. ಖಾಸಗಿ ವೈದ್ಯರ ಬಳಿ ಜನ ವರ್ಷಗಟ್ಟಲೆ ಹೋಗುತ್ತಾರೆ, ವೈದ್ಯರಿಗೆ ಮನೆಯ ಕಥೆಯೆಲ್ಲ ಗೊತ್ತಿರುತ್ತದೆ, ಎರಡು ಮಾತು ಕೇಳಿಸಿಕೊಳ್ಳುತ್ತಾರೆ. ಬಹುಶಃ ಅರ್ಧ ಸಮಾಲೋಚನೆ ಅಲ್ಲೇ ಆಗಿಬಿಡುತ್ತದೆ. ಸರ್ಕಾರಿ ಕೇಂದ್ರದ ಸಾಲಿನಲ್ಲಿ ನಿಂತವರಿಗೆ ಆ ಭಾಗ್ಯ ಎಲ್ಲಿದೆ? ಇದು ನನ್ನ ಓದು, ನಿಮ್ಮದು ಬೇರೆ ಇರಬಹುದು.

ಇದೇ ಗೋವಾದಲ್ಲಿ 2003ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಮಾತಿನ ಚಿಕಿತ್ಸೆ ಸಕ್ಕರೆ ಗುಳಿಗೆಯನ್ನೂ (ಔಷಧವೇ ಇಲ್ಲದ, ಹೋಲಿಕೆಗೆಂದು ಕೊಡುವ ಗುಳಿಗೆ) ಮೀರಿಸಲಿಲ್ಲ. ಫ್ಲೂಆಕ್ಸೆಟಿನ್ ಎಂಬ ಔಷಧ ಎರಡು ತಿಂಗಳ ಹೊತ್ತಿಗೆ ಮೀರಿಸಿತ್ತು. 2017ರಲ್ಲಿ, ಬೇರೆ ರೀತಿಯಲ್ಲಿ ಕಟ್ಟಿದ ಮಾತಿನ ಚಿಕಿತ್ಸೆ ಗೆದ್ದಿತು. ಅದು ಆರರಿಂದ ಎಂಟು ಭೇಟಿಗಳದು. ಮನಸ್ಸು ಸರಿಹೋದ ಮೇಲೆ ಕೆಲಸ ಎಂದು ಕಾಯದೆ, ಚಿಕ್ಕಪುಟ್ಟ ಕೆಲಸಗಳಿಂದ ಮನಸ್ಸನ್ನು ಎಬ್ಬಿಸುವ ಕ್ರಮ ಅದರಲ್ಲಿ ಮುಖ್ಯ. ಮೂರು ತಿಂಗಳಿಗೆ ಖಿನ್ನತೆಯಿಂದ ಹೊರಬಂದವರು ಶೇ 64, ಎದುರು ಗುಂಪಿನಲ್ಲಿ ಶೇ 39. ಸಮಾಲೋಚಕರು ಮನೋವೈದ್ಯರಲ್ಲ, ತರಬೇತಿ ಪಡೆದ ಊರಿನ ಜನ. ಸೋತ ಫಲಿತಾಂಶವನ್ನೂ ಪ್ರಕಟಿಸಿದ್ದರಿಂದಲೇ ಗೆದ್ದದ್ದರ ಮೇಲೆ ನನಗೆ ನಂಬಿಕೆ ಬಂದದ್ದು.

ಆದ್ದರಿಂದ ಟ್ರಯಲ್‌ನವರನ್ನು ಕೇಳಿ: ಅಕ್ಕ ಎದುರು ಗುಂಪಿಗೆ ಬಿದ್ದರೆ ಈಗಿನ ಔಷಧ ಮುಂದುವರಿಯುತ್ತದೆಯೇ? ವೈದ್ಯರು ನೋಡುತ್ತಿರುತ್ತಾರೆಯೇ? ಟ್ರಯಲ್ ಮುಗಿದ ಮೇಲೆ ಸಮಾಲೋಚನೆ ಸಿಗುತ್ತದೆಯೇ? ನಡುವೆ ತೀರಾ ಹದಗೆಟ್ಟರೆ ಯಾರಿಗೆ ಫೋನ್ ಮಾಡಬೇಕು? "ಮಾಮೂಲು ಚಿಕಿತ್ಸೆ" ಎಂದು ಉತ್ತರ ಬಂದರೆ ಬಿಡಬೇಡಿ, ಮಾಮೂಲು ಎಂದರೆ ಏನು ಎಂದು ಬಿಡಿಸಿ ಕೇಳಿ. ಎಷ್ಟೋ ಕಡೆ ಮಾಮೂಲು ಎಂದರೆ ಏನೂ ಇಲ್ಲ.

ಒಪ್ಪಿಗೆ ಪತ್ರ, ಪ್ರಶ್ನಾವಳಿಗಳ ಭಾಷೆಯ ಬಗ್ಗೆ ನನ್ನದೇ ಒಂದು ತಪ್ಪು ಹೇಳಬೇಕು. ಕಚೇರಿಯಲ್ಲಿ ಅನುವಾದಿಸಿಕೊಟ್ಟ ಕನ್ನಡ ಪ್ರಶ್ನಾವಳಿಯನ್ನು ಹಿಡಿದು ಕೊಪ್ಪಳ ಕಡೆಯ ಒಬ್ಬ ಅಜ್ಜಿಯ ಮುಂದೆ ಕೂತಿದ್ದೆ. "ಕಳೆದ ಎರಡು ವಾರಗಳಲ್ಲಿ ನಿಮಗೆ ಖಿನ್ನತೆ ಉಂಟಾಗಿದೆಯೇ?" ಎಂದು ಓದಿದೆ. ಅಜ್ಜಿ ನನ್ನ ಮುಖವನ್ನೇ ನೋಡಿ "ಅದು ಯಾವ ಜ್ವರ, ತಾಯಿ?" ಎಂದರು. ನಾನು 'ಇಲ್ಲ' ಎಂಬ ಮನೆಯಲ್ಲಿ ಗುರುತು ಹಾಕಿಬಿಟ್ಟೆ. ಎದ್ದು ಬರುವಾಗ ಅವರು ಸೊಸೆಯ ಹತ್ತಿರ, ಎದೆಯ ಮೇಲೆ ಕಲ್ಲು ಇಟ್ಟ ಹಾಗೆ ಇರುತ್ತದೆ, ಯಾವುದರಲ್ಲೂ ಜೀವ ಇಲ್ಲ ಎನ್ನುತ್ತಿದ್ದರು. ಮರಳಿ ಕೂತೆ. ಎರಡು ವಾರ ಎಂದರೂ ಅವರಿಗೆ ಲೆಕ್ಕ ಸಿಗುತ್ತಿರಲಿಲ್ಲ. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಎಂದ ಕೂಡಲೇ ಸರಿಯಾಗಿ ಹೇಳಿದರು. ವಾರದ ಪಗಾರದ ಕಟ್ಟಡ ಕೆಲಸದವರಿಗೆ ಎರಡು ಪಗಾರ ಎಂದರೆ ಸಾಕು. ಮರುದಿನ ಕಚೇರಿಯಲ್ಲಿ ಗಲಾಟೆ ಮಾಡಿ ಪ್ರಶ್ನೆಗಳ ಕನ್ನಡವನ್ನೇ ತಿದ್ದಿಸಿದೆವು. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27 — ಪ್ರಪಂಚದ ಎಷ್ಟೋ ಟ್ರಯಲ್‌ಗಳ ಫಲಿತಾಂಶ ಇಂಥ ಒಂದು ಹಾಳೆಯ ಮೇಲೆ ನಿಂತಿದೆ. ಆ ಹಾಳೆ ಯಾವ ಮಾತಿನಲ್ಲಿ ಓದಲ್ಪಟ್ಟಿತು ಎಂದು ಯಾವ ಕೋಷ್ಟಕದಲ್ಲೂ ಕಾಣುವುದಿಲ್ಲ.

ಇನ್ನೊಂದು ಸಂಗತಿ, ಹೊರಗಿನವರಿಗೆ ಗೊತ್ತಾಗದ್ದು. ಅಂಕ ಹಾಕುವ ನನ್ನಂಥವರಿಗೆ ಯಾರು ಯಾವ ಗುಂಪಿನಲ್ಲಿದ್ದಾರೆ ಎಂದು ತಿಳಿಯಬಾರದು. ತಿಳಿದರೆ ನಮ್ಮ ಪೆನ್ನು ತಾನಾಗಿ ಒಂದು ಕಡೆ ವಾಲುತ್ತದೆ. ಆದರೆ ಮನೆಯವರು ಚಹಾ ಕೊಟ್ಟು "ಮಂಗಳವಾರ ಬಂದು ಮಾತಾಡಿಸುವ ಹುಡುಗಿ ತುಂಬಾ ಒಳ್ಳೆಯವಳು" ಎಂದುಬಿಡುತ್ತಾರೆ. ಅದನ್ನೂ ಬರೆದುಕೊಳ್ಳಬೇಕು, ಮುಂದಿನ ಬಾರಿ ಆ ಮನೆಗೆ ಬೇರೆಯವರು ಹೋಗಬೇಕು. ಮೃಗಶಿರೆಯ ಮಳೆ ಬಿದ್ದರೆ ಬಿತ್ತನೆಗೆಂದು ಅರ್ಧ ಓಣಿಯೇ ಊರಿಗೆ ಹೊರಟುಹೋಗುತ್ತದೆ. ಅವರು ಗುಣವಾದರೋ ಬಿಟ್ಟರೋ, ಲೆಕ್ಕದಲ್ಲಿ ಕಾಣೆಯಾದವರು. ಟ್ರಯಲ್ ವರದಿ ಓದುವಾಗ ಕೊನೆಯವರೆಗೆ ಎಷ್ಟು ಜನ ಸಿಕ್ಕರು ಎಂಬ ಸಾಲನ್ನು ನಾನು ಮೊದಲು ಹುಡುಕುವುದು ಇದೇ ಕಾರಣಕ್ಕೆ.

ಈಗ ಗೆಳೆಯರ ರಿವ್ಯೂ. ಒಂದು ಪ್ರಶ್ನೆಯ ಮೇಲೆ ನಡೆದ ಟ್ರಯಲ್‌ಗಳನ್ನೆಲ್ಲ ಮೊದಲೇ ಬರೆದಿಟ್ಟ ನಿಯಮದ ಪ್ರಕಾರ ಹುಡುಕಿ, ಜರಡಿ ಹಿಡಿದು, ಒಟ್ಟಿಗೆ ತೂಗುವುದು ಸಿಸ್ಟಮ್ಯಾಟಿಕ್ ರಿವ್ಯೂ. ಒಬ್ಬರ ಅನುಭವಕ್ಕಿಂತ ಖಂಡಿತ ಮೇಲು. ಆದರೆ ಜರಡಿಗೆ ಬೀಳದ ಕಾಳು ತೂಕಕ್ಕೂ ಬರುವುದಿಲ್ಲ. 2008ರಲ್ಲಿ ಎರಿಕ್ ಟರ್ನರ್ ಮತ್ತು ಸಂಗಡಿಗರು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ದಾಖಲಾಗಿದ್ದ ಖಿನ್ನತೆ ಔಷಧಗಳ 74 ಟ್ರಯಲ್‌ಗಳನ್ನು ತೆರೆದು ನೋಡಿದರು. ಪತ್ರಿಕೆಗಳಲ್ಲಿ ಅಚ್ಚಾದವನ್ನು ಮಾತ್ರ ಓದಿದರೆ ಶೇ 94ರಷ್ಟು ಯಶಸ್ವಿ. ದಾಖಲೆಯಲ್ಲಿ ಇದ್ದವನ್ನೆಲ್ಲ ಎಣಿಸಿದರೆ ಶೇ 51. ಉಳಿದವುಗಳಲ್ಲಿ ಹೆಚ್ಚಿನವು ಕಪಾಟಿನಲ್ಲೇ ಉಳಿದಿದ್ದವು, ಇಲ್ಲವೇ ಗೆದ್ದಂತೆ ಬಣ್ಣ ಬದಲಿಸಿಕೊಂಡು ಹೊರಬಂದಿದ್ದವು. ಇದನ್ನು ಹಿಡಿದು ಔಷಧವೆಲ್ಲ ಸುಳ್ಳು ಎನ್ನುವುದೂ ತಪ್ಪು. 2018ರಲ್ಲಿ ಆಂಡ್ರಿಯಾ ಚಿಪ್ರಿಯಾನಿ ಅವರ ತಂಡ ಅಚ್ಚಾಗದವನ್ನೂ ಹುಡುಕಿ 522 ಟ್ರಯಲ್‌ಗಳನ್ನು ಒಟ್ಟು ಮಾಡಿತು. 21 ಔಷಧಗಳೂ ಸಕ್ಕರೆ ಗುಳಿಗೆಗಿಂತ ಮೇಲೆಯೇ ನಿಂತವು, ಆದರೆ ಅಂತರ ಅಷ್ಟೇನೂ ದೊಡ್ಡದಲ್ಲ.

ಮಾತಿನ ಚಿಕಿತ್ಸೆಯ ರಿವ್ಯೂಗಳಲ್ಲೂ ಅದೇ ಎದುರು ಗುಂಪಿನ ತೊಡಕು. ಬಹಳಷ್ಟು ಟ್ರಯಲ್‌ಗಳಲ್ಲಿ ಎದುರಿಗಿರುವವರು "ನಿಮ್ಮ ಸರದಿ ಬಂದಾಗ ಕರೆಯುತ್ತೇವೆ" ಎಂದು ಕಾಯಿಸಿಟ್ಟ ಜನ. ಹಾಗೆ ಕಾಯುವವರ ಎದುರು ಚಿಕಿತ್ಸೆ ದೊಡ್ಡದಾಗಿ ಕಾಣುತ್ತದೆ; ಆರೈಕೆ ಪಡೆಯುತ್ತಿರುವವರ ಎದುರು ಅದೇ ಚಿಕಿತ್ಸೆ ಚಿಕ್ಕದಾಗುತ್ತದೆ. ರಿವ್ಯೂ ತೆರೆದಾಗ ಕೊನೆಯ ತೀರ್ಮಾನಕ್ಕೆ ಹಾರದೆ, ಸೇರಿಸಿಕೊಂಡ ಅಧ್ಯಯನಗಳ ಪಟ್ಟಿಯಲ್ಲಿ ಎರಡು ಕಲಂ ನೋಡಿ: ಯಾವ ದೇಶ, ಯಾವುದರ ಎದುರು. ನಮ್ಮಂಥ ಊರುಗಳ ಟ್ರಯಲ್ ಅದರಲ್ಲಿ ಒಂದೋ ಎರಡೋ ಇದ್ದರೆ, ಮಡಗಾಂವ್‌ನಲ್ಲಿ ಮತ್ತೆ ಟ್ರಯಲ್ ಯಾಕೆ ಎಂಬ ಗೆಳೆಯರ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಕಾಗದಪತ್ರಗಳ ಬಗ್ಗೆ ಚಿಕ್ಕದಾಗಿ. ಟ್ರಯಲ್‌ಗೆ ನೈತಿಕ ಸಮಿತಿಯ ಒಪ್ಪಿಗೆ ಮತ್ತು ಸಿಟಿಆರ್‌ಐ ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. 2007ರಲ್ಲಿ ಆರಂಭವಾದ, ಟ್ರಯಲ್‌ಗಳ ಆ ರಾಷ್ಟ್ರೀಯ ನೋಂದಣಿಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು, ಎದುರು ಗುಂಪಿಗೆ ಏನು ಎಂಬುದೂ ಅದರಲ್ಲಿ ಬರೆದಿರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸಂಶೋಧನೆಗೆ ಅಕ್ಕನದೇ ಸ್ವತಂತ್ರ ಒಪ್ಪಿಗೆ ಬೇಕು, ಅದೂ ವಿಷಯ ತಿಳಿದು ಕೊಟ್ಟ ಒಪ್ಪಿಗೆ. ಭಾವನವರ ಸಿಟ್ಟೂ ನಿಮ್ಮ ಉತ್ಸಾಹವೂ ಅದರ ನಂತರದ್ದು. ಯಾವ ದಿನ ಬೇಕಾದರೂ ಕಾರಣ ಹೇಳದೆ ಬಿಟ್ಟು ಬರಬಹುದು, ಅದರಿಂದ ಮಾಮೂಲು ಚಿಕಿತ್ಸೆ ನಿಲ್ಲಬಾರದು. ಅಕ್ಕ ಸಾಯುವ ಮಾತು ಆಡುತ್ತಿದ್ದರೆ ಮಾತ್ರ ಟ್ರಯಲ್, ಚೀಟಿ ಎಲ್ಲ ಬದಿಗಿಟ್ಟು ಇಂದೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ರಾತ್ರಿಯಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಾತನಾಡುತ್ತಾರೆ.

ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಕೇಳಿ, ಕೊಂಕಣಿ ಅರ್ಥವಾಗುತ್ತದೆ ಬಿಡಿ ಎಂದು ಸಂಕೋಚ ಪಡಬೇಡಿ. ಒಂದು ಪ್ರತಿ ಮನೆಗೆ ತಂದು, ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲೆಲ್ಲಿ "ಹಾಗಂದರೇನು?" ಎಂದು ಕೇಳುತ್ತಾರೋ ಆ ಸಾಲುಗಳಿಗೆ ಗೆರೆ ಎಳೆದು, ಸಹಿ ಹಾಕುವ ದಿನ ಟ್ರಯಲ್‌ನವರ ಮುಂದಿಡಿ.